ನೀರಿನ ಮೇಲೊಂದು, ನೀರಿನ ಕೆಳಗೊಂದು: ಬಾತು ಬೇಟೆಯ ವೇಡರ್ ಆಯ್ಕೆಯ ಕುರಿತು



ನೀರನ್ನು ತಡೆದು ಬೆವರನ್ನು ಹೊರಬಿಡುವ ಉಡುಪುಗಳ ಬಗ್ಗೆ ಎರಡು ದಿನ ಈ ಜವಳಿ ತಂತ್ರಜ್ಞಾನ ವಿಭಾಗದಲ್ಲಿ ಚರ್ಚೆ ನಡೆಯಲಿದೆ. ಆಶಯ ಭಾಷಣಕ್ಕೆ ನಾನು ಒಂದೇ ಒಂದು ಉಡುಪನ್ನು ಆರಿಸಿಕೊಂಡಿದ್ದೇನೆ: ಅಮೆರಿಕದ ಬಾತು ಬೇಟೆಗಾರರು ತೊಡುವ ಬ್ರೀದಬಲ್ ವೇಡರ್. ಪಾದದಿಂದ ಎದೆಯವರೆಗೆ ಒಂದೇ ಉಡುಪಾಗಿ ಬಂದು ಭುಜದ ಪಟ್ಟಿಗಳ ಮೇಲೆ ನಿಲ್ಲುವ ಜಲನಿರೋಧಕ ಪೋಷಾಕು ಇದು. ಮಳೆ ಜಾಕೆಟ್ಟಿನ ಮೇಲೆ ಬಿದ್ದ ನೀರು ಜಾರಿ ಹೋಗುತ್ತದೆ. ವೇಡರ್ ಆದರೋ ಗಂಟೆಗಟ್ಟಲೆ ನೀರಿನೊಳಗೇ ಇರಬೇಕು. ನಮ್ಮ ಬಟ್ಟೆಗಳ ಬಗ್ಗೆ ನಾವು ಕೊಡುವ ಭರವಸೆಗಳಲ್ಲಿ ಎಷ್ಟು ನಿಜ ಎಂಬುದು ಅಲ್ಲಿ ಬಹಳ ಬೇಗ ಗೊತ್ತಾಗಿಬಿಡುತ್ತದೆ.

ನಮ್ಮ ದೇಶದಲ್ಲಿ ಕಾಡುಬಾತುಗಳ ಬೇಟೆಗೆ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ತಡೆದಿದೆ. ಅದು ಹಾಗೆಯೇ ಇರಬೇಕೆಂಬುದು ನನ್ನ ನಿಲುವೂ ಹೌದು. ಅಮೆರಿಕದ ವ್ಯವಸ್ಥೆ ಬೇರೆ. ಅಲ್ಲಿ 1918ರ ವಲಸೆ ಹಕ್ಕಿಗಳ ಕಾಯ್ದೆಯ ಅಡಿಯಲ್ಲಿ ಬೇಟೆಯ ಋತುವನ್ನೂ ದಿನಕ್ಕೆ ಎಷ್ಟು ಹಕ್ಕಿ ಎಂಬ ಮಿತಿಯನ್ನೂ ಸರ್ಕಾರ ಗೊತ್ತುಮಾಡುತ್ತದೆ. 1934ರಿಂದ ‘ಡಕ್ ಸ್ಟ್ಯಾಂಪ್’ ಜಾರಿಯಲ್ಲಿದೆ. 16 ವರ್ಷ ತುಂಬಿದ ಪ್ರತಿ ಬಾತು ಬೇಟೆಗಾರನೂ ಅದನ್ನು ಕೊಳ್ಳಲೇಬೇಕು. ಈಗ ಅದರ ಬೆಲೆ 25 ಡಾಲರ್. ಪ್ರತಿ ಡಾಲರಿನಲ್ಲಿ 98 ಸೆಂಟ್ ಜೌಗು ಪ್ರದೇಶಗಳ ಖರೀದಿಗೆ, ರಕ್ಷಣೆಗೆ ಹೋಗುತ್ತದೆ. 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಗುಂಡನ್ನು ದೇಶದಾದ್ಯಂತ ನಿಷೇಧಿಸಿದ್ದಾರೆ. ಬೇಟೆಯನ್ನು ಒಪ್ಪದವರೂ ಈ ಲೆಕ್ಕವನ್ನು ತಿಳಿದಿರಬೇಕು.

ಈಗ ಅರ್ಕನ್ಸಾ ರಾಜ್ಯದ ಸ್ಟಟ್‌ಗಾರ್ಟ್ ಸುತ್ತಲಿನ ಓಕ್ ಕಾಡುಗಳಿಗೆ ಬನ್ನಿ. ಚಳಿಗಾಲದಲ್ಲಿ ಆ ತಗ್ಗು ಕಾಡುಗಳಿಗೆ ನೀರು ನುಗ್ಗುತ್ತದೆ. ಕೆಲವು ಕಡೆ ಬೇಕೆಂದೇ ನೀರು ನಿಲ್ಲಿಸುತ್ತಾರೆ. ಉದುರಿದ ಓಕ್ ಕಾಯಿಗಳನ್ನು ತಿನ್ನಲು ಮಲ್ಲಾರ್ಡ್ ಬಾತುಗಳು ಮರಗಳ ನಡುವಿನಿಂದ ಇಳಿಯುತ್ತವೆ. ಬೇಟೆಗಾರ ಬೆಳಗಿನ ಜಾವದ ಕತ್ತಲಲ್ಲಿ ದೋಣಿಯಿಂದಿಳಿದು, ಹಕ್ಕಿಗಳನ್ನು ಸೆಳೆಯುವ ಪ್ಲಾಸ್ಟಿಕ್ ಬಾತುಗಳ ಮೂಟೆ ಬೆನ್ನಿಗೆ ಹಾಕಿಕೊಂಡು, ಬಂದೂಕು ಎತ್ತಿ ಹಿಡಿದು, ತೊಡೆಮಟ್ಟದ ನೀರಿನಲ್ಲಿ, ಕಾಣದ ಬೇರು ಬೊಡ್ಡೆಗಳ ಮೇಲೆ ಕಾಲಿಡುತ್ತಾ ನಡೆಯುತ್ತಾನೆ. ಈ ನಡಿಗೆಯಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್‌ವರೆಗೆ ಬೆವರು ಹರಿಯಬಹುದು. ಆಮೇಲೆ ಮರಕ್ಕೊರಗಿ ನಿಂತರೆ ಮೂರು ನಾಲ್ಕು ಗಂಟೆ ಕದಲುವಂತಿಲ್ಲ. ಹಕ್ಕಿಗಳು ಮೇಲೆ ಸುತ್ತುವಾಗ ಒಂದು ಕಾಲಿನಿಂದ ನೀರನ್ನು ಒದ್ದು ಅಲೆ ಎಬ್ಬಿಸುವುದೊಂದೇ ಅವನಿಗಿರುವ ವ್ಯಾಯಾಮ. ನೀರಿನ ಅಂಚಿನಲ್ಲಿ ಮಂಜುಗಡ್ಡೆ ಕಟ್ಟುವ ದಿನಗಳೂ ಉಂಟು.

ಮೊದಲು ಬೆವರು, ಆಮೇಲೆ ಚಳಿ. ವೇಡರ್ ಆಯ್ಕೆಯ ಕಷ್ಟವೆಲ್ಲ ಈ ಅನುಕ್ರಮದಲ್ಲಿದೆ.

ಬಹಳ ಕಾಲ ಈ ಬೇಟೆಗಾರರ ಆಯ್ಕೆ ನಿಯೋಪ್ರೀನ್ ಆಗಿತ್ತು. 1930ರಲ್ಲಿ ಡ್ಯುಪಾಂಟ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಕೃತಕ ರಬ್ಬರನ್ನು ಗಾಳಿಗುಳ್ಳೆ ತುಂಬಿದ ಹಾಳೆಯಾಗಿಸಿದರೆ ಅದು ಶಾಖವನ್ನು ಚೆನ್ನಾಗಿ ಹಿಡಿದಿಡುತ್ತದೆ. 3.5 ಅಥವಾ 5 ಮಿಲಿಮೀಟರ್ ದಪ್ಪದ ನಿಯೋಪ್ರೀನ್ ತೊಟ್ಟವನಿಗೆ ನಿಂತಾಗ ಹಿತ. ಆದರೆ ಆವಿ ಅದರ ಮೂಲಕ ಹೊರಗೆ ಹೋಗದು. ನಡಿಗೆಯ ಬೆವರೆಲ್ಲ ಒಳಗಿನ ಉಣ್ಣೆ ಬಟ್ಟೆಗೆ ಇಳಿದು, ನಿಂತ ಸ್ವಲ್ಪ ಹೊತ್ತಿನಲ್ಲೇ ತಣ್ಣಗಾಗುತ್ತದೆ. ಹೊರಗಿನ ಒಂದು ಹನಿಯೂ ಒಳಗೆ ಬಾರದೆ ಮನುಷ್ಯ ಒದ್ದೆಯಾಗುತ್ತಾನೆ.

ಇದಕ್ಕೆ ದಾರಿ ತೋರಿದ್ದು 1969ರ ಅಕ್ಟೋಬರಿನಲ್ಲಿ ಅಮೆರಿಕದ ಎಂಜಿನಿಯರ್ ಬಾಬ್ ಗೋರ್ ಮಾಡಿದ ಪ್ರಯೋಗ. ಕಾಯಿಸಿದ ಪಿಟಿಎಫ್‌ಇ ಪ್ಲಾಸ್ಟಿಕ್ಕಿನ ಸಲಾಕೆಯನ್ನು ನಿಧಾನವಾಗಿ ಎಳೆದಾಗಲೆಲ್ಲ ಅದು ತುಂಡಾಗುತ್ತಿತ್ತು. ಬೇಸತ್ತು ಒಮ್ಮೆ ಜೋರಾಗಿ ಜಗ್ಗಿದಾಗ ತುಂಡಾಗದೆ ಹಲವು ಪಟ್ಟು ಹಿಗ್ಗಿ, ಕಣ್ಣಿಗೆ ಕಾಣದ ರಂಧ್ರಗಳ ಜಾಲವಾಯಿತು. ನೀರಿನ ಹನಿ ದಾಟಲಾರದ, ಆವಿಯ ಕಣ ಸಲೀಸಾಗಿ ದಾಟುವ ಪೊರೆ ಹೀಗೆ ಸಿಕ್ಕಿತು. ಮೊದಲ ತಲೆಮಾರಿನ ಬಟ್ಟೆಗಳಲ್ಲಿ ಮೈಯ ಎಣ್ಣೆ ರಂಧ್ರಗಳಿಗೆ ಸೇರಿ ನೀರು ಸೋರತೊಡಗಿದ್ದರಿಂದ, ಪೊರೆಯ ಮೇಲೆ ತೆಳುವಾದ ಪಾಲಿಯುರೆಥೇನ್ ಲೇಪ ಕೊಡಬೇಕಾಯಿತು. ಇಂದು ಪಾಲಿಯುರೆಥೇನ್ ಒಂದರಿಂದಲೇ ಮಾಡಿದ ಪೊರೆಗಳೂ ಸಾಕಷ್ಟಿವೆ.

ಇಲ್ಲಿಯವರೆಗಿನದು ನಿಮಗೆಲ್ಲ ಗೊತ್ತಿರುವ ಕಥೆ. ಪೊರೆ ನೀರಿನೊಳಗೆ ಮುಳುಗಿದಾಗ ಏನಾಗುತ್ತದೆ ಎಂಬಲ್ಲಿಗೆ ಬಂದಾಗ ಮಾತ್ರ ನಮ್ಮ ಪಠ್ಯಗಳೂ ಜಾಹೀರಾತುಗಳೂ ಒಟ್ಟಿಗೇ ಮೌನ ವಹಿಸುತ್ತವೆ. ನನ್ನ ಇಂದಿನ ಮಾತಿನ ತಿರುಳು ಅಲ್ಲಿದೆ.

ಆವಿಯನ್ನು ಹೊರಗೆ ತಳ್ಳುವುದು ಎರಡು ಬದಿಗಳ ಆವಿಯೊತ್ತಡದ ವ್ಯತ್ಯಾಸ. 33 ಡಿಗ್ರಿಯ ಒದ್ದೆ ಚರ್ಮದ ಬಳಿ ಅದು ಸುಮಾರು 5 ಕಿಲೋಪ್ಯಾಸ್ಕಲ್. 5 ಡಿಗ್ರಿಯ ನೀರಿನಲ್ಲಿ 0.9ಕ್ಕಿಂತ ಕಡಿಮೆ. ಕಾಗದದ ಮೇಲೆ ಇದು ಭರ್ಜರಿ ವ್ಯತ್ಯಾಸ. ಆದರೆ ಪೊರೆ ಬಹಳ ತೆಳು. ತಣ್ಣೀರು ಅದರ ಹೊರಮೈಗೆ ಅಂಟಿಕೊಂಡಿರುವಾಗ ಒಳಮೈಯೂ ಹೆಚ್ಚುಕಮ್ಮಿ ಅಷ್ಟೇ ತಣ್ಣಗಿರುತ್ತದೆ. ಚರ್ಮದಿಂದ ಹೊರಟ ಆವಿ ಅಲ್ಲಿಗೆ ಬಂದೊಡನೆ, ಬಿಸಿ ಅನ್ನದ ಪಾತ್ರೆಯ ಮುಚ್ಚಳದೊಳಗಿನ ಹನಿಗಳ ಹಾಗೆ, ನೀರಾಗಿ ಕೂರುತ್ತದೆ. ಪೊರೆಯ ಆಚೆ ಈಚೆ ಎರಡೂ ಕಡೆ ಒಂದೇ ತಾಪದ ನೀರಿರುವಾಗ ತಳ್ಳುವ ಒತ್ತಡ ಎಲ್ಲಿಂದ ಬರಬೇಕು? ಹೀಗಾಗಿ ನೀರಿನ ಮಟ್ಟದ ಕೆಳಗಿರುವ ಭಾಗ ಬೆವರನ್ನು ಹೊರಬಿಡುವುದು ಅತ್ಯಲ್ಪ. ಈ ಉಡುಪು ನಿಜವಾಗಿ ಕೆಲಸ ಮಾಡುವುದು ನೀರಿನ ಮೇಲೆ: ಸೊಂಟ, ಹೊಟ್ಟೆ, ಎದೆಯ ಭಾಗದಲ್ಲಿ, ಅದರಲ್ಲೂ ನಡಿಗೆಯ ಹೊತ್ತಿನಲ್ಲಿ.

ಇದನ್ನು ಒಪ್ಪಿಕೊಂಡರೆ ಆಯ್ಕೆ ಸುಲಭವಾಗುತ್ತದೆ. ನೀರಿನ ಮೇಲಿನ ಭಾಗಕ್ಕೆ ಹಗುರವಾದ, ಆವಿ ಚೆನ್ನಾಗಿ ದಾಟುವ ಮೂರು ಪದರದ ಬಟ್ಟೆ ಬೇಕು. ಕೆಳಭಾಗದಲ್ಲಿ ಬಾಳಿಕೆಯೇ ಮುಖ್ಯ. ಮುಳ್ಳು, ಬೊಡ್ಡೆ, ಮುಳ್ಳುತಂತಿ, ದೋಣಿಗೆ ಹತ್ತುವ ಲ್ಯಾಬ್ರಡಾರ್ ನಾಯಿಯ ಉಗುರು ಎಲ್ಲವನ್ನೂ ತಾಳುವ ದಪ್ಪ ಪದರಗಳಿರಲಿ. ಒಳ್ಳೆಯ ತಯಾರಕರು ಈಗ ಹೀಗೆಯೇ ಭಾಗಭಾಗವಾಗಿ ಬಟ್ಟೆ ಬದಲಿಸುತ್ತಾರೆ. ಇಡೀ ವೇಡರಿಗೆ ಒಂದೇ ‘ಬ್ರೀದಬಿಲಿಟಿ’ ಅಂಕಿ ಅಂಟಿಸಿ ಮಾರುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಆ ಅಂಕಿಯದೇ ದೊಡ್ಡ ತಕರಾರು. ಒಂದು ಚದರ ಮೀಟರಿಗೆ 24 ಗಂಟೆಯಲ್ಲಿ 20,000 ಗ್ರಾಂ ಎಂದು ಲೇಬಲ್ಲಿನಲ್ಲಿ ಬರೆದಿರುತ್ತದೆ. ಯಾವ ಪರೀಕ್ಷೆಯಲ್ಲಿ? ಪೊಟ್ಯಾಶಿಯಂ ಅಸಿಟೇಟ್ ಬಳಸುವ ಜಪಾನಿನ ಬಿ-1 ವಿಧಾನದಲ್ಲಿ ಬರುವ ಅಂಕಿಗೂ ನೆಟ್ಟಗಿಟ್ಟ ಬಟ್ಟಲಿನ ಅಮೆರಿಕನ್ ವಿಧಾನದಲ್ಲಿ ಬರುವ ಅಂಕಿಗೂ ಹೋಲಿಕೆಯೇ ಸಲ್ಲದು; ಅದೇ ಬಟ್ಟೆ, ಬೇರೆ ಲೋಕ. ಬೆವರುವ ಬಿಸಿತಟ್ಟೆಯ ಐಎಸ್‌ಒ 11092 ಇದ್ದುದರಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಆದರೂ ಅದರಲ್ಲಿ ತಟ್ಟೆ 35 ಡಿಗ್ರಿ, ಗಾಳಿಯೂ 35 ಡಿಗ್ರಿ, ತೇವಾಂಶ ಶೇ 40. ಅರ್ಕನ್ಸಾದ ಜನವರಿಯ ಕಾಡು ಈ ಪರೀಕ್ಷೆಯೊಳಗೆ ಎಲ್ಲಿಯೂ ಇಲ್ಲ.

ನೀರು ತಡೆಯುವ ಅಂಕಿಯನ್ನೂ ಹೀಗೆಯೇ ಬಿಡಿಸಿ ನೋಡಬೇಕು. ಒಂದು ಮೀಟರ್ ಆಳದ ನೀರು ಒಡ್ಡುವುದು 1,000 ಮಿಲಿಮೀಟರಿನ ಒತ್ತಡ ಮಾತ್ರ; 10,000 ತಡೆಯುವ ಬಟ್ಟೆಗೆ ಅದು ಲೆಕ್ಕವೇ ಅಲ್ಲ. ಆದರೆ 80 ಕಿಲೋ ತೂಕದವನೊಬ್ಬ ಒದ್ದೆ ದಿಮ್ಮಿಯ ಮೇಲೆ ಮಂಡಿಯೂರಿದಾಗ, ಅರ್ಧ ತೂಕ 50 ಚದರ ಸೆಂಟಿಮೀಟರ್ ಜಾಗದ ಮೇಲೆ ಬಿದ್ದರೂ ಸಾಕು, ಅಲ್ಲಿ 8,000 ಮಿಲಿಮೀಟರಿಗೆ ಸಮನಾದ ಒತ್ತಡ ಹುಟ್ಟುತ್ತದೆ. ಸ್ವಲ್ಪ ಸವೆದ ಬಟ್ಟೆ ಅಲ್ಲೇ ಸೋಲುತ್ತದೆ. ಮಂಡಿಗೂ ಕುಳಿತುಕೊಳ್ಳುವ ಜಾಗಕ್ಕೂ ಹೆಚ್ಚುವರಿ ಪದರ ಇದೆಯೇ ಎಂದು ಕೊಳ್ಳುವವರು ನೋಡಬೇಕು.

ಬಟ್ಟೆಗಿಂತ ಮೊದಲು ಸೋಲುವುದು ಹೊಲಿಗೆ. ಇದನ್ನು ಹೇಳಲು ನನಗಿಂತ ಹೆಚ್ಚಿನ ಅರ್ಹತೆ ಇರುವವರು ಕಾರ್ಖಾನೆಗಳಿಂದ ಬಂದು ಇಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ರಫ್ತಿನ ಜಾಕೆಟ್ಟುಗಳಿಗೆ ಸೀಮ್ ಟೇಪ್ ಹಾಕುವ ಹೆಣ್ಣುಮಕ್ಕಳ ಕೈಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಸುಮಾರು ಎರಡು ಸೆಂಟಿಮೀಟರ್ ಅಗಲದ ಟೇಪು ಬಿಸಿಗಾಳಿಯ ಮೂತಿಯ ಕೆಳಗೆ ಕರಗಿ, ರೋಲರಿನಡಿ ಹೊಲಿಗೆಯ ಮೇಲೆ ಕೂರಬೇಕು. ಎಡಗೈ ಬಟ್ಟೆಯನ್ನು ಎಳೆಯದೆ ಬರೀ ದಾರಿ ತೋರಿಸುತ್ತದೆ, ಬಲಗೈ ನೆರಿಗೆಯನ್ನು ಬಿಡಿಸುತ್ತದೆ. ನೇರ ಹೊಲಿಗೆ ಯಾರಿಗಾದರೂ ಬರುತ್ತದೆ. ವೇಡರಿನಲ್ಲಿ ಎರಡು ಕಾಲುಗಳು ಸೇರುವ, ಮೂರು ನಾಲ್ಕು ಹೊಲಿಗೆ ಒಂದೆಡೆ ಕೂಡುವ ಕವಟೆಯ ಜಾಗಕ್ಕೆ ಬಂದಾಗ, ಟೇಪಿನ ಮೇಲೆ ಟೇಪು ಏರುವಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ನೀರು ಅದನ್ನು ಹುಡುಕಿಕೊಂಡು ಬರುತ್ತದೆ. ಅಲ್ಲಿ ಕೈ ಒಂದು ಕ್ಷಣ ನಿಧಾನಿಸಬೇಕು. ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ಟು ನಿಧಾನಿಸಲು ಬಿಡುವುದಿಲ್ಲ. ಸೋರುವ ಉಡುಪಿನ ದೂರು ಕೊನೆಗೆ ಆ ಕೈಯ ಮೇಲೆಯೇ ಬರುತ್ತದೆ. ಇದು ಅನ್ಯಾಯ. ಕಾಲಿನ ಒಳಬದಿಯ ಹೊಲಿಗೆಯನ್ನು ತೆಗೆದು, ಕವಟೆಯಲ್ಲಿ ಕೂಡುವ ಹೊಲಿಗೆಗಳನ್ನು ಕಡಿಮೆ ಮಾಡಿ ಪ್ಯಾಟರ್ನ್ ಬರೆಯುವುದು ವಿನ್ಯಾಸಕರ ಹೊಣೆ. ಕೊಳ್ಳುವವರು ವೇಡರನ್ನು ಒಳಮೈ ಹೊರಗೆ ಮಾಡಿ ಮೊದಲು ಆ ಜಾಗವನ್ನೇ ನೋಡಲಿ.

ಅಳತೆಯೂ ಹೊಲಿಗೆಯ ಆಯುಷ್ಯಕ್ಕೆ ಸೇರಿದ್ದು. ಒಳಗೆ ತೊಡುವ ಎಲ್ಲ ಬಟ್ಟೆಗಳನ್ನೂ ತೊಟ್ಟು, ಕುಕ್ಕರುಗಾಲಿನಲ್ಲಿ ಕುಳಿತು, ಕುರ್ಚಿಯ ಮೇಲೆ ಕಾಲಿಟ್ಟು ನೋಡಬೇಕು. ಬಿಗಿಯಾದರೆ ಕವಟೆ ಹರಿಯುತ್ತದೆ. ತೀರಾ ಸಡಿಲವಾದರೆ ಮಡಿಕೆಗಳು ಒಂದಕ್ಕೊಂದು ಉಜ್ಜಿ ಸೂಜಿಮೊನೆಯ ತೂತುಗಳಾಗುತ್ತವೆ. ಕೆಲವು ಪೊರೆಗಳಲ್ಲಿ ಒಳಮೈಗೆ ಐಸೊಪ್ರೊಪಿಲ್ ಆಲ್ಕೋಹಾಲ್ ಸಿಂಪಡಿಸಿದರೆ ತೂತಿದ್ದಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ಅಷ್ಟಕ್ಕೇ ಅಂಟು ಹಚ್ಚಿದರೆ ಸಾಕು. ಸಾವಿರ ಡಾಲರಿನ ಆಸುಪಾಸಿನ ಬೆಲೆ ಕೊಟ್ಟವನಿಗೆ ರಿಪೇರಿಯ ಸೌಲಭ್ಯವೂ ಸಿಗಬೇಕು.

ಬೂಟಿನ ವಿಷಯದಲ್ಲಿ ಮೀನುಗಾರರ ರೂಢಿಯನ್ನು ಬಾತು ಬೇಟೆಗೆ ತರಬಾರದು ಎಂಬುದು ನನ್ನ ಅಭಿಪ್ರಾಯ. ಕಾಲುಚೀಲದಂತಹ ಪಾದವಿಟ್ಟು ಮೇಲೆ ಬೇರೆ ಬೂಟು ಕಟ್ಟುವ ವಿಧಾನ ಕಲ್ಲುಹೊಳೆಯಲ್ಲಿ ನಡೆಯಲು ಚೆನ್ನ. ಗಂಟೆಗಟ್ಟಲೆ ಕೆಸರಿನಲ್ಲಿ ನಿಲ್ಲುವವನಿಗೆ, ಕತ್ತಲಲ್ಲಿ ಮರಗಟ್ಟಿದ ಬೆರಳಿನಿಂದ ಲೇಸು ಕಟ್ಟಬೇಕಾದವನಿಗೆ, ವೇಡರಿಗೇ ಸೇರಿದ, ಒಳಗೆ ಶಾಖರಕ್ಷಕ ಪದರವಿರುವ ರಬ್ಬರ್ ಬೂಟೇ ಸರಿ. ಒಳಗಿನ ಬೆಚ್ಚನೆಯ ಪದರ ತೆಗೆದಿಡುವಂತಿರಲಿ: ನಡೆಯುವಾಗ ಕಡಿಮೆ ಬಟ್ಟೆ, ನಿಂತ ಮೇಲೆ ಜಾಸ್ತಿ. ಮುಂಭಾಗದ ಜಿಪ್ಪು ತೆರೆದು, ಇಲ್ಲವೇ ಎದೆಭಾಗವನ್ನು ಸೊಂಟಕ್ಕೆ ಮಡಚಿ ನಡೆದರೆ ಯಾವ ಪೊರೆಯೂ ಕೊಡಲಾರದಷ್ಟು ಗಾಳಿ ಸಿಗುತ್ತದೆ. ಇನ್ನೊಂದು ಮಾತು: ನೀರಿನ ಒತ್ತಡ ತೆಳು ಬಟ್ಟೆಯನ್ನು ಕಾಲಿಗೆ ಒತ್ತುತ್ತದೆ, ಒಳಗಿನ ಉಬ್ಬಿದ ಫ್ಲೀಸು ಚಪ್ಪಟೆಯಾಗಿ ತನ್ನ ಬಲ ಕಳೆದುಕೊಳ್ಳುತ್ತದೆ. ಒತ್ತಾಗಿ ನೇಯ್ದ ಉಣ್ಣೆ ಅಷ್ಟು ಸುಲಭವಾಗಿ ಸೋಲುವುದಿಲ್ಲ. ಗುಳ್ಳೆಯ ನಿಯೋಪ್ರೀನಿಗೆ ಈ ತೊಂದರೆ ಕಡಿಮೆ. ದೋಣಿಯಿಂದಿಳಿದು ನಾಲ್ಕು ಹೆಜ್ಜೆಯಲ್ಲೇ ನಿಲ್ಲುವವನಿಗೆ ಅದು ಇಂದಿಗೂ ಒಳ್ಳೆಯ ಆಯ್ಕೆ.

ಸೊಂಟದ ಬೆಲ್ಟನ್ನು ಯಾರೂ ಮರೆಯಬಾರದು. ವೇಡರಿಗೆ ನೀರು ತುಂಬಿದರೆ ಅದು ಮನುಷ್ಯನನ್ನು ತಳಕ್ಕೆಳೆಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ನೀರಿನೊಳಗಿನ ನೀರಿಗೆ ತೂಕವಿಲ್ಲ. ಕೊಲ್ಲುವುದು ತಣ್ಣೀರಿನ ಆಘಾತ, ಗಾಬರಿ, ಮತ್ತು ತುಂಬಿದ ಕಾಲುಗಳೊಂದಿಗೆ ದಡ ಹತ್ತಲಾಗದಿರುವುದು. ಬಿಗಿದ ಬೆಲ್ಟು ಒಳನುಗ್ಗುವ ನೀರನ್ನು ಕಡಿಮೆ ಮಾಡಿ ಸಮಯ ಕೊಡುತ್ತದೆ.

ರಾಸಾಯನಿಕಗಳ ವಿಚಾರ ಮಧ್ಯಾಹ್ನದ ಗೋಷ್ಠಿಯಲ್ಲಿದೆ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಬೇಗ ನಶಿಸದ ಪಿಎಫ್‌ಎಎಸ್ ರಾಸಾಯನಿಕಗಳಿರುವ ಬಟ್ಟೆಗಳ ಮಾರಾಟಕ್ಕೆ ಕ್ಯಾಲಿಫೋರ್ನಿಯಾ 2025ರ ಜನವರಿಯಿಂದ ನಿಷೇಧ ಹೇರಿದೆ. ತೀವ್ರ ತೇವದ ಪರಿಸ್ಥಿತಿಯ ಉಡುಪುಗಳಿಗೆ 2028ರವರೆಗೆ ವಿನಾಯಿತಿ ಇದ್ದರೂ ಲೇಬಲ್ಲಿನಲ್ಲಿ ಹೇಳಲೇಬೇಕು. ಫ್ಲೋರಿನ್ ಇಲ್ಲದ ಹೊಸ ಮೇಲ್ಲೇಪಗಳು ನೀರನ್ನು ತಡೆಯುತ್ತವೆ, ಎಣ್ಣೆಯನ್ನು ಅಷ್ಟಾಗಿ ತಡೆಯುವುದಿಲ್ಲ. ಇವನ್ನು ಹೆಚ್ಚು ಸಲ ಒಗೆಯಬೇಕಾಗುತ್ತದೆ. ಬಾತುಗಳು ಬದುಕುವ ನೀರಿಗೇ ವಿಷ ಬಿಡುವ ಉಡುಪಿಗಿಂತ ಈ ತೊಂದರೆ ಎಷ್ಟೋ ವಾಸಿ.

ಕೊನೆಯದಾಗಿ ನಮ್ಮ ನೆಲದ ಮಾತು. 2024ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಇಂಥ ಕೆರೆಗಳಲ್ಲಿ ನೀರಿನ ಮಾದರಿ ತೆಗೆಯುವ ಸಂಶೋಧನಾ ವಿದ್ಯಾರ್ಥಿಗಳಿದ್ದಾರೆ. ನಗರದ ಕೆರೆಗಳಲ್ಲಿ ಎದೆಮಟ್ಟ ಇಳಿದು ಅಂತರಗಂಗೆ ಕೀಳುವ ಕೂಲಿಗಳಿದ್ದಾರೆ. ಗಮ್‌ಬೂಟು ಸಿಕ್ಕರೆ ಅವರ ಪುಣ್ಯ. ಅವರಿಗೆ ಅಮೆರಿಕದ ವೇಡರನ್ನು ತಂದು ತೊಡಿಸಿದರೆ ಆಗುವುದಿಲ್ಲ. 28 ಡಿಗ್ರಿ, ಶೇ 90 ತೇವಾಂಶದ ಮಂಗಳೂರಿನ ಗಾಳಿಯಲ್ಲಿ ಆವಿಯನ್ನು ತಳ್ಳುವ ಒತ್ತಡ, ಚಳಿಗಾಲದ ಅರ್ಕನ್ಸಾದಲ್ಲಿರುವುದರ ಅರ್ಧಕ್ಕಿಂತಲೂ ಕಡಿಮೆ. ನಮಗೆ ಚಳಿಯ ಚಿಂತೆಯಿಲ್ಲ. ಸೆಕೆ, ಕೊಳಚೆ ನೀರು, ಗಾಜಿನ ಚೂರುಗಳದೇ ಚಿಂತೆ. ಮೇಲ್ಭಾಗ ಆದಷ್ಟೂ ತೆರೆದು, ಕೆಳಭಾಗ ಆದಷ್ಟೂ ಗಟ್ಟಿಯಾಗಿ, ತೊಳೆಯಲು ಸುಲಭವಾಗಿ, ಒಬ್ಬ ಗುತ್ತಿಗೆದಾರನಿಗೆ ಕೊಡಿಸದಿರಲು ನೆಪ ಸಿಗದಷ್ಟು ಕಡಿಮೆ ಬೆಲೆಯಲ್ಲಿ ನಮ್ಮ ವೇಡರ್ ತಯಾರಾಗಬೇಕು. ಟೇಪು ಹಾಕುವ ಕೈಗಳೂ ಯಂತ್ರಗಳೂ ಬೆಂಗಳೂರಿನಲ್ಲೇ ಇವೆ.

ಈ ವಿಭಾಗದ ಲ್ಯಾಬಿಗೆ ನನ್ನ ಕೋರಿಕೆ ಒಂದೇ. ಬಿಸಿತಟ್ಟೆಯ ಪರೀಕ್ಷೆಯ ಜೊತೆಗೆ, ಬಟ್ಟೆಯ ಹೊರಮೈ ನೀರಿಗೆ ತಾಗಿರುವಂತೆ ಇನ್ನೊಂದು ಪರೀಕ್ಷೆಯನ್ನು ನಾಳೆಯ ಕಾರ್ಯಾಗಾರದಲ್ಲೇ ರೂಪಿಸಿ. ಒಂದು ಸಲ 5 ಡಿಗ್ರಿಯ ನೀರಿನಲ್ಲಿ, ಒಂದು ಸಲ 28 ಡಿಗ್ರಿಯ ಕೆರೆ ನೀರಿನಲ್ಲಿ ಅಳೆಯಿರಿ. ಬಂದ ಅಂಕಿ ಎಷ್ಟೇ ಚಿಕ್ಕದಾಗಿದ್ದರೂ ಅದನ್ನೇ ಪ್ರಕಟಿಸಿ.