ಲಿವರ್ ಗಡ್ಡೆಗೆ ರಕ್ತನಾಳ ಮುಚ್ಚುವ ಚಿಕಿತ್ಸೆ: ಸಹಿ ಮಾಡುವ ಮುನ್ನ



ಇಳಕಲ್ಲಿನ ಒಬ್ಬ ಹಿರಿಯರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿ ಅದು ಲಿವರ್‌ಗೆ ಹಬ್ಬಿದೆ ಎಂದು ಇಟ್ಟುಕೊಳ್ಳಿ. ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದಾಗ ಡಾಕ್ಟರರು "ಎಂಬೊಲೈಸೇಷನ್ ಮಾಡೋಣ" ಎಂದು ಒಪ್ಪಿಗೆ ಪತ್ರ ಮುಂದಿಡುತ್ತಾರೆ. ಅದನ್ನು ಓದಿ ಮನೆಯವರಿಗೆ ಹೇಳಬೇಕಾದವರು ಓದಿದ ಮಗ ಅಥವಾ ಮೊಮ್ಮಗಳು, ಅಂದರೆ ನಿಮ್ಮಲ್ಲೇ ಒಬ್ಬರು. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಲಿವರ್‌ಗೆ ರಕ್ತ ಎರಡು ದಾರಿಯಿಂದ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳದಿಂದ, ಉಳಿದದ್ದು ಅಪಧಮನಿಯಿಂದ. ಗಡ್ಡೆ ಮಾತ್ರ ಬಹುತೇಕ ಅಪಧಮನಿಯ ರಕ್ತವನ್ನೇ ಹೀರಿ ಬೆಳೆಯುತ್ತದೆ. ಆದ್ದರಿಂದ ತೊಡೆಸಂದಿನಿಂದ ಅಥವಾ ಮಣಿಕಟ್ಟಿನಿಂದ ಸಣ್ಣ ನಳಿಕೆ ತೂರಿಸಿ, ಗಡ್ಡೆಗೆ ಹೋಗುವ ಕವಲನ್ನು ಸೂಕ್ಷ್ಮ ಕಣಗಳಿಂದ ಮುಚ್ಚುತ್ತಾರೆ. ಕಣಗಳ ಜೊತೆ ಕೆಲವೊಮ್ಮೆ ಕ್ಯಾನ್ಸರ್ ಔಷಧ, ಕೆಲವೊಮ್ಮೆ ವಿಕಿರಣ ಸೂಸುವ ಇಟ್ರಿಯಂ-90 ಇರುತ್ತದೆ. ಹೊಲದ ಕಾಲುವೆಗೆ ಒಡ್ಡು ಹಾಕಿದಂತೆ. ಒಡ್ಡು ಬೇರೆ ಕಾಲುವೆಗೆ ಬಿದ್ದರೆ ಪಕ್ಕದ ಹೊಲ ಒಣಗುತ್ತದೆ. ಕಣ ದಾರಿ ತಪ್ಪಿದರೆ ಪಿತ್ತಕೋಶಕ್ಕೆ ಪೆಟ್ಟು ಬೀಳಬಹುದು, ಜಠರದಲ್ಲಿ ಹುಣ್ಣಾಗಬಹುದು.

ಚಿಕಿತ್ಸೆಯ ನಂತರ ಹೊಟ್ಟೆನೋವು, ಜ್ವರ, ವಾಂತಿ ಬಹಳ ಜನರಿಗೆ ಬರುತ್ತವೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತವೆ. ನನ್ನ ಚಿಂತೆ ಇಳಿಯದ ಜ್ವರದ್ದು. ಸತ್ತ ಗಡ್ಡೆಯ ಜಾಗದಲ್ಲಿ ಕೀವು ಕಟ್ಟಿಕೊಳ್ಳಬಹುದು, ಅದೂ ಊರಿಗೆ ಬಂದು ವಾರಗಳಾದ ಮೇಲೆ. ಪಿತ್ತನಾಳಕ್ಕೆ ಸ್ಟೆಂಟ್ ಹಾಕಿದ್ದರೆ ಅಥವಾ ಪಿತ್ತನಾಳವನ್ನು ಕರುಳಿಗೆ ಜೋಡಿಸಿದ ಆಪರೇಷನ್ ಆಗಿದ್ದರೆ ಈ ಅಪಾಯ ಬಹಳ ಹೆಚ್ಚು, ಏಕೆಂದರೆ ಕರುಳಿನ ರೋಗಾಣುಗಳಿಗೆ ಮೇಲೇರಲು ದಾರಿ ತೆರೆದಿರುತ್ತದೆ. ಇದನ್ನು ಡಾಕ್ಟರರು ಕೇಳದಿದ್ದರೂ ನೀವೇ ಹೇಳಿ. ಮೊದಲೇ ಕಾಮಾಲೆ ಇದ್ದವರ ಲಿವರ್ ಪೂರ್ತಿ ಸೋಲಬಹುದು. ನಾಳ ಕಾಣಿಸಲು ಕೊಡುವ ದ್ರವ ಕಿಡ್ನಿಗೆ ಭಾರ. ಸಕ್ಕರೆ ಕಾಯಿಲೆಯವರು ತಮ್ಮ ಮಾತ್ರೆಗಳನ್ನು ಮೊದಲೇ ತೋರಿಸಬೇಕು. ರಮಜಾನಿನಲ್ಲಾದರೆ, ರೋಗಿಗೆ ರೋಜಾದಿಂದ ವಿನಾಯಿತಿ ಇದೆಯೆಂದು ಮನೆಯ ಹಿರಿಯರಿಗೆ ನೆನಪಿಸಿ. ಅವರು ನೀರು ಕುಡಿಯಲೇಬೇಕು.

ಇಷ್ಟೆಲ್ಲ ಸಹಿಸಿದರೆ ಲಾಭವೇನು? ಕೆಲವರಿಗೆ ಗಡ್ಡೆ ಕುಗ್ಗುತ್ತದೆ, ನೋವು ತಗ್ಗುತ್ತದೆ. ಆದರೆ 2017ರಲ್ಲಿ ಪ್ರಕಟವಾದ, ಕರುಳಿನ ಕ್ಯಾನ್ಸರ್ ಲಿವರ್‌ಗೆ ಹಬ್ಬಿದ 1,103 ರೋಗಿಗಳ ಅಧ್ಯಯನದಲ್ಲಿ, ಮೊದಲ ಹಂತದ ಕೀಮೋಗೆ ಇಟ್ರಿಯಂ ಸೇರಿಸಿದಾಗ ಲಿವರಿನ ಗಡ್ಡೆಗಳು ಹೆಚ್ಚು ಹತೋಟಿಗೆ ಬಂದವು, ಆಯುಷ್ಯ ಮಾತ್ರ ಹೆಚ್ಚಲಿಲ್ಲ. ಆದ್ದರಿಂದ "ಕತ್ತರಿಸಿ ತೆಗೆಯಲು ಬರುತ್ತದೆಯೇ?" ಎಂದು ಮೊದಲು ಕೇಳಿ. ಅದು ಸಾಧ್ಯವಿದ್ದವರಲ್ಲಿ ಕೆಲವರು ಪೂರ್ತಿ ಗುಣವಾಗುತ್ತಾರೆ.

ಇನ್ನೊಂದು ಮಾತು ಕಟುವಾದರೂ ಹೇಳುತ್ತೇನೆ. ನಮ್ಮ ಮನೆಗಳಲ್ಲಿ "ಅಜ್ಜನಿಗೆ ಹೇಳಬೇಡಿ" ಎನ್ನುವುದು ರೂಢಿ. ಮಗ ದುಡಿಯಲು ಗೋವಾಕ್ಕೆ ಹೋಗಿರುತ್ತಾನೆ. ಬಾದಾಮಿಯಲ್ಲಿ ನಡುರಾತ್ರಿ ಚಳಿಜ್ವರ ಬಂದಾಗ, ತನಗೆ ಏನು ಮಾಡಿದ್ದಾರೆಂದು ಅಜ್ಜನಿಗೇ ಗೊತ್ತಿಲ್ಲದಿದ್ದರೆ ಅಲ್ಲಿಯ ಡಾಕ್ಟರು ಜ್ವರದ ಮಾತ್ರೆ ಕೊಟ್ಟು ಕಳಿಸುತ್ತಾರೆ. ಅವರ ತಪ್ಪೇನು? ಚಳಿಯೊಂದಿಗೆ ಜ್ವರ, ಹೆಚ್ಚುತ್ತಿರುವ ನೋವು, ಹಳದಿ ಕಣ್ಣು, ಮಂಪರು ಕಂಡರೆ ಬೆಳಗಿನತನಕ ಕಾಯದೆ ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಅಲ್ಲಿ ಆಗುತ್ತವೆ. ಹೋಗುವಾಗ ಡಿಸ್ಚಾರ್ಜ್ ಕಾರ್ಡು ಕೈಯಲ್ಲಿರಲಿ. ಅದರ ಮೇಲೆ ಚಿಕಿತ್ಸೆಯ ತಾರೀಖು, ಸ್ಟೆಂಟ್ ಇದೆಯೋ ಇಲ್ಲವೋ, ಮಾಡಿದ ಡಾಕ್ಟರರ ಫೋನ್ ನಂಬರು ಇಷ್ಟನ್ನೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ.