ಹಳೆಯ ಮೇಳ, ಹೊಸ ಹಾಡು



ಕನ್ನಡದ ಅಧ್ಯಾಪಕನೊಬ್ಬ ಪಾಶ್ಚಾತ್ಯ ರಾಕ್ ಸಂಗೀತದ ವಿಷಯವಾಗಿ ಮಾತನಾಡಲು ಹೊರಟದ್ದು ನಿಮಗೆ ಸೋಜಿಗವೆನಿಸಬಹುದು. ನನಗೂ ಇದು ತುಸು ಸಂಕೋಚದ ಸಂಗತಿಯೇ. ನಾನು ಸಂಗೀತಶಾಸ್ತ್ರ ಬಲ್ಲವನಲ್ಲ. ವಿದ್ಯಾರ್ಥಿದೆಸೆಯಲ್ಲಿ ಹಾಸ್ಟೆಲಿನ ಗೆಳೆಯರ ಟೇಪ್ ರೆಕಾರ್ಡರಿನಿಂದ ಕಿವಿಗೆ ಬಿದ್ದ ಹಾಡುಗಳನ್ನು ಅಂದಿನಿಂದ ಬಿಡದೆ ಕೇಳುತ್ತ ಬಂದವನು, ಅಷ್ಟೆ. ಆದರೆ ಈಚಿನ ವರ್ಷಗಳಲ್ಲಿ ಈ ಸಂಗೀತ ನನ್ನ ಮುಂದೆ ಒಂದು ಪ್ರಶ್ನೆಯನ್ನು ಇಟ್ಟಿದೆ. ಕಲಾವಿದನು ಮುಪ್ಪಿನಲ್ಲಿ ಹೊಸದನ್ನು ಸೃಷ್ಟಿಸಬಲ್ಲನೆ? ಬಲ್ಲನಾದರೂ ಅದರ ಅಗತ್ಯವೇನು?

ರಾಕ್ ಸಂಗೀತ ಹುಟ್ಟಿದ್ದೇ ಹರೆಯದ ಸಂಗೀತವಾಗಿ. 1965ರಲ್ಲಿ ಲಂಡನ್ನಿನ ‘ದಿ ಹೂ’ ಎಂಬ ತಂಡ ಮುಪ್ಪನ್ನೇ ಧಿಕ್ಕರಿಸುವ ಹಾಡೊಂದನ್ನು ಹಾಡಿ ಹೆಸರು ಮಾಡಿತು. ಅದನ್ನು ಬರೆದ ಪೀಟ್ ಟೌನ್‌ಷೆಂಡನಿಗೆ ಆಗ ಇಪ್ಪತ್ತು ವರ್ಷ. ತಂಡದ ನಾಲ್ವರಲ್ಲಿ ಕೀತ್ ಮೂನ್ 1978ರಲ್ಲಿಯೂ ಜಾನ್ ಎಂಟ್‌ವಿಸಲ್ 2002ರಲ್ಲಿಯೂ ತೀರಿಕೊಂಡರು. ಉಳಿದಿಬ್ಬರು 2019ರ ಡಿಸೆಂಬರಿನಲ್ಲಿ ಹೊಸ ಹಾಡುಗಳ ಧ್ವನಿಮುದ್ರಿಕೆಯೊಂದನ್ನು ಹೊರತಂದರು. ಆಗ ಟೌನ್‌ಷೆಂಡನಿಗೆ ಎಪ್ಪತ್ತನಾಲ್ಕು, ಹಾಡುಗಾರ ರೋಜರ್ ಡಾಲ್ಟ್ರಿಗೆ ಎಪ್ಪತ್ತೈದು. ಇಪ್ಪತ್ತರ ಹರೆಯ ಆಡಿದ ಮಾತಿಗೆ ಎಪ್ಪತ್ತರ ಬಾಳು ಉತ್ತರ ಹೇಳಬೇಕಾಗಿ ಬಂದದ್ದು ಹೀಗೆ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಹೆಸರಾದ ಹಳೆಯ ತಂಡಕ್ಕೆ ಹೊಸ ಹಾಡಿನ ಅಗತ್ಯವೇ ಇಲ್ಲ. 2003ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತು. ಅಂದು ಅಲ್ಲಿ ನೆರೆದವರಲ್ಲಿ ಎಷ್ಟು ಮಂದಿ ಹೊಸ ಹಾಡು ಕೇಳಲು ಹೋಗಿದ್ದಾರು? ಜನ ಕೇಳುವುದು ತಮ್ಮ ಯೌವನವನ್ನು; ತಂಡ ಅದನ್ನು ಹಿಂದಿರುಗಿಸಿದರೆ ಸಾಕು. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ನಿವೃತ್ತನಾದ ಮೇಲೆ ನನ್ನನ್ನು ಸಭೆಗಳಿಗೆ ಕರೆಯುವವರು ಪಂಪನನ್ನು ಕುರಿತ ಅದೇ ಹಳೆಯ ಉಪನ್ಯಾಸವನ್ನು ಬಯಸುತ್ತಾರೆ. ನಾನೂ ಅದನ್ನೇ, ಅದೇ ವಿರಾಮಗಳೊಡನೆ, ಅದೇ ಚತುರೋಕ್ತಿಗಳೊಡನೆ ಒಪ್ಪಿಸುತ್ತ ಬಂದಿದ್ದೇನೆ. ಚಪ್ಪಾಳೆಗೆ ಕೊರತೆಯಿಲ್ಲ.

ಇನ್ನೊಂದು ಶಂಕೆಯೂ ಉಂಟು. ಮುಪ್ಪಿನ ಕೃತಿಗಳನ್ನು ನಾವು ಹೊಗಳುವಾಗ ಅದರಲ್ಲಿ ಮೆಚ್ಚಿಗೆ ಎಷ್ಟು, ಕನಿಕರ ಎಷ್ಟು? ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಉತ್ತರಪತ್ರಿಕೆ ತಿದ್ದಿದ ನನಗೆ ಕೃಪಾಂಕದ ರೀತಿನೀತಿಗಳು ಗೊತ್ತು. ‘ಈ ವಯಸ್ಸಿನಲ್ಲೂ ಹಾಡಿದರಲ್ಲ’ ಎಂಬುದು ವಿಮರ್ಶೆಯಲ್ಲ, ಕೃಪಾಂಕ. ಆದುದರಿಂದ ನಾನು ಒಂದು ಒರೆಗಲ್ಲನ್ನು ಇಟ್ಟುಕೊಂಡಿದ್ದೇನೆ. ತಂಡದ ಹರೆಯದಲ್ಲಿ ಹುಟ್ಟಲಾರದಿದ್ದ ಹಾಡು ಇದರಲ್ಲಿ ಉಂಟೆ? ಇದ್ದರೆ ಮಾತ್ರ ಅದು ಮುಪ್ಪಿನ ಫಲ. ಇಲ್ಲವಾದರೆ ಹಳೆಯ ಹಾಡಿನ ನಕಲು.

ಈ ಒರೆಗಲ್ಲಿಗೆ ಸಂಶಯವಿಲ್ಲದೆ ನಿಲ್ಲುವುದು ‘ದಿ ಕ್ಯೂರ್’ ತಂಡದ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’. ಈ ತಂಡದ ಮೊದಲ ಮುದ್ರಿಕೆ 1979ರದು. 2008ರ ಅನಂತರ ಹದಿನಾರು ವರ್ಷ ಹೊಸ ಮುದ್ರಿಕೆಯಿಲ್ಲದೆ ಕಳೆದು, 2024ರ ನವೆಂಬರ್ 1ರಂದು ಇದು ಹೊರಬಂದಿತು. ಬ್ರಿಟನ್ನಿನ ಮಾರಾಟಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಏರಿತು. ಹಾಡುಗಾರ ರಾಬರ್ಟ್ ಸ್ಮಿತ್‌ಗೆ ಆಗ ಅರುವತ್ತೈದು. ಇರುವುದು ಎಂಟೇ ಹಾಡು. ಮೊದಲ ಹಾಡಿನಲ್ಲಿ ಮೂರು ನಿಮಿಷಗಳಿಗೂ ಹೆಚ್ಚು ಕಾಲ ವಾದ್ಯಗಳೇ ನಡೆಯುತ್ತವೆ. ಮನುಷ್ಯನ ಕೊರಳು ಆಮೇಲೆ ಬರುತ್ತದೆ. ಯುವಕನಿಗೆ ಈ ತಾಳ್ಮೆ ಇರುವುದಿಲ್ಲ. ಕೇಳುಗ ಎದ್ದುಹೋದಾನೆಂಬ ಅಂಜಿಕೆ ಅವನಿಗೆ. ಸ್ಮಿತ್ ಹರೆಯದಲ್ಲಿಯೂ ವಿಷಾದದ ಕವಿಯೇ. ಆದರೆ ಆಗಿನ ಸಾವು ಕಲ್ಪನೆಯ ಸಾವು. ಕತ್ತಲೆಯ ಮೇಲಣ ಮೋಹ ಅದು. ಈ ಮುದ್ರಿಕೆಯಲ್ಲಿ ತೀರಿಕೊಂಡ ತನ್ನ ಅಣ್ಣನನ್ನು ಕುರಿತು ಅವನು ಒಂದು ಹಾಡು ಹಾಡಿದ್ದಾನೆ. ಅಲ್ಲಿ ಅಲಂಕಾರಗಳು ಉದುರಿಹೋಗಿವೆ. ಮಾತು ಬಡವಾಗಿದೆ, ದುಃಖ ನಿಜವಾಗಿದೆ.

ರೋಲಿಂಗ್ ಸ್ಟೋನ್ಸ್ ತಂಡದ ಮಾತು ಬೇರೆ. 1962ರಲ್ಲಿ ಲಂಡನ್ನಿನಲ್ಲಿ ಮೊದಲ ಕಚೇರಿ ನಡೆಸಿದವರು 2023ರ ಅಕ್ಟೋಬರ್ 20ರಂದು ‘ಹ್ಯಾಕ್ನಿ ಡೈಮಂಡ್ಸ್’ ಎಂಬ ಮುದ್ರಿಕೆಯನ್ನು ಕೊಟ್ಟರು. ಹ್ಯಾಕ್ನಿ ಎಂಬುದು ಲಂಡನ್ನಿನ ಒಂದು ಭಾಗ. ಅಲ್ಲಿಯ ವಜ್ರವೆಂದರೆ ಕಳ್ಳರು ಒಡೆದ ಗಾಜಿನ ಚೂರು ಎಂದು ಊರಿನ ಆಡುಮಾತು. ಸ್ವಂತ ಹೊಸ ರಚನೆಗಳ ಮುದ್ರಿಕೆಯನ್ನು ಅವರು ತಂದು ಹದಿನೆಂಟು ವರ್ಷವಾಗಿತ್ತು. ಮಿಕ್ ಜಾಗರ್‌ಗೆ ಎಂಬತ್ತು, ಕೀತ್ ರಿಚರ್ಡ್ಸ್‌ಗೆ ಎಪ್ಪತ್ತೊಂಬತ್ತು. ಡ್ರಮ್ ವಾದಕ ಚಾರ್ಲಿ ವಾಟ್ಸ್ 2021ರ ಆಗಸ್ಟಿನಲ್ಲಿ ತೀರಿಕೊಂಡಿದ್ದ. ಆದರೂ ಎರಡು ಹಾಡುಗಳಲ್ಲಿ ಅವನ ಕೈಯಿದೆ. ಆ ಎರಡರಲ್ಲಿ ಒಂದಕ್ಕೆ, ಮೂವತ್ತು ವರ್ಷಗಳ ಹಿಂದೆ ತಂಡವನ್ನು ಬಿಟ್ಟಿದ್ದ ಬಿಲ್ ವೈಮನ್ ಮರಳಿ ಬಂದು ಬೇಸ್ ಗಿಟಾರ್ ನುಡಿಸಿದ್ದಾನೆ.

ಈ ಮುದ್ರಿಕೆಗೆ ನಾನು ಪೂರ್ಣಾಂಕ ಕೊಡಲಾರೆ. ಕಿರಿಯ ನಿರ್ಮಾಪಕನೊಬ್ಬನ ಕೈಯಲ್ಲಿ ಕೆಲವು ಹಾಡುಗಳು ಬಣ್ಣ ಹಚ್ಚಿದ ಹಳೆಯ ಮನೆಯಂತಾಗಿವೆ. ವಯಸ್ಸನ್ನು ಮರೆಮಾಚುವ ಪ್ರಯತ್ನ ಅಲ್ಲಲ್ಲಿ ಕಾಣುತ್ತದೆ. ಆದರೆ ಕಟ್ಟಕಡೆಯ ಹಾಡಿಗೆ ಬಂದಾಗ ಎಲ್ಲವೂ ಬದಲಾಗುತ್ತದೆ. ಅದು ಅಮೆರಿಕದ ಕರಿಯ ಗಾಯಕ ಮಡ್ಡಿ ವಾಟರ್ಸ್ 1950ರಲ್ಲಿ ಹಾಡಿದ್ದು. ತಂಡಕ್ಕೆ ಹೆಸರು ಬಂದದ್ದು ಅದರಿಂದಲೇ. ಇಲ್ಲಿ ಹಾಡುವವರು ಇಬ್ಬರೇ. ರಿಚರ್ಡ್ಸನ ಗಿಟಾರ್, ಜಾಗರನ ಕೊರಳು ಮತ್ತು ಮೌತ್ ಆರ್ಗನ್. 1961ರಲ್ಲಿ ಡಾರ್ಟ್‌ಫರ್ಡ್ ಊರಿನ ರೈಲು ನಿಲ್ದಾಣದಲ್ಲಿ ಈ ಬಾಲ್ಯದ ಪರಿಚಿತರು ಮತ್ತೆ ಭೇಟಿಯಾದಾಗ ಜಾಗರನ ಕಂಕುಳಲ್ಲಿದ್ದ ಗ್ರಾಮಾಫೋನ್ ತಟ್ಟೆಗಳಲ್ಲಿ ಮಡ್ಡಿ ವಾಟರ್ಸನದೂ ಒಂದು. ಅರುವತ್ತೆರಡು ವರ್ಷಗಳ ಮೇಲೆ ಇಬ್ಬರು ಮುದುಕರು ಹೊರಟ ಜಾಗಕ್ಕೆ ಬಂದು ಕುಳಿತಿದ್ದಾರೆ. ಇದೂ ಹರೆಯದಲ್ಲಿ ಹಾಡಲಾಗದ ಹಾಡೇ.

ರಿಚರ್ಡ್ಸನ ಬೆರಳುಗಳನ್ನು ಸಂಧಿವಾತ ಕಾಡಿದೆ. ಮೊದಲಿನಂತೆ ನುಡಿಸಲಾಗದೆಡೆಯಲ್ಲಿ ಗಿಟಾರೇ ಬೇರೊಂದು ದಾರಿಯನ್ನು ತೋರಿಸುತ್ತದೆ ಎಂಬ ಅರ್ಥದ ಮಾತನ್ನು ಅವನು 2023ರಲ್ಲಿ ಆಡಿದ. ನನ್ನ ಪ್ರಶ್ನೆಗೆ ಅರ್ಧ ಉತ್ತರ ಈ ಮಾತಿನಲ್ಲಿದೆ. ಡೀಪ್ ಪರ್ಪಲ್ ತಂಡದ ಇಯಾನ್ ಗಿಲನ್‌ನನ್ನು ನೋಡಿ. 1970ರ ‘ಚೈಲ್ಡ್ ಇನ್ ಟೈಮ್’ ಹಾಡಿನಲ್ಲಿ ಅವನು ಏರಿಸಿದ ಕೂಗು ಹಾಸ್ಟೆಲಿನ ನಮ್ಮ ಕೋಣೆಯ ಗೋಡೆಗಳನ್ನು ನಡುಗಿಸುತ್ತಿತ್ತು. ಆ ಎತ್ತರಕ್ಕೆ ಕೊರಳು ಏರದಾದಾಗ ಅವನು ಆ ಹಾಡನ್ನು ವೇದಿಕೆಯಲ್ಲಿ ಹಾಡುವುದನ್ನೇ ಬಿಟ್ಟ. ಕುಂಟುತ್ತ ಏರಲು ಹೋಗಲಿಲ್ಲ. 2013ರಿಂದ 2024ರವರೆಗೆ ಈ ತಂಡ ಐದು ಮುದ್ರಿಕೆಗಳನ್ನು ಕೊಟ್ಟಿತು. ಅವುಗಳಲ್ಲಿ ಗಿಲನ್ ತನ್ನ ಈಗಿನ ಕೊರಳಿಗೆ ಒಗ್ಗುವ ಸ್ಥಾಯಿಯಲ್ಲಿ, ಕಥೆ ಹೇಳುವವನಂತೆ, ತುಂಟತನವನ್ನು ಬಿಡದೆ ಹಾಡುತ್ತಾನೆ. ಕಳೆದುಕೊಂಡದ್ದನ್ನು ಒಪ್ಪಿಕೊಂಡವನಿಗೆ ಉಳಿದದ್ದು ಕೈಗೆ ಸಿಗುತ್ತದೆ.

ಉಳಿದರ್ಧ ಉತ್ತರ ಇನ್ನೂ ಕಠಿನವಾದದ್ದು. ಶಿವರಾಮ ಕಾರಂತರು ‘ಮೂಕಜ್ಜಿಯ ಕನಸುಗಳು’ ಪ್ರಕಟಿಸಿದ 1968ರಲ್ಲಿ ಅವರಿಗೆ ಅರುವತ್ತಾರು. ಆದರೆ ಲೇಖಕನ ಮುಪ್ಪು ಒಬ್ಬಂಟಿಯ ಮುಪ್ಪು. ಅವನಿಗೂ ಕಾಗದಕ್ಕೂ ನಡುವೆ ಇನ್ನೊಬ್ಬನಿಲ್ಲ. ಮೇಳದ ಮುಪ್ಪು ಹಾಗಲ್ಲ. ನಾಲ್ಕೈದು ಮಂದಿ ಒಟ್ಟಿಗೆ ಮುದುಕರಾಗಬೇಕು, ಹಳೆಯ ಜಗಳಗಳನ್ನು ನುಂಗಿಕೊಳ್ಳಬೇಕು, ಸತ್ತವನ ಜಾಗವನ್ನು ತುಂಬಬೇಕು. ಆಸ್ಟ್ರೇಲಿಯಾದ ‘ಎಸಿ/ಡಿಸಿ’ ತಂಡವನ್ನು ಕಟ್ಟಿದ ಮಾಲ್ಕಮ್ ಯಂಗ್ ಮರೆವಿನ ರೋಗಕ್ಕೆ ತುತ್ತಾಗಿ 2017ರಲ್ಲಿ ತೀರಿಕೊಂಡ. ತಮ್ಮ ಆಂಗಸ್, ತಾವಿಬ್ಬರೂ ಹಿಂದೆ ಕೂಡಿ ಕಟ್ಟಿ ಇಟ್ಟಿದ್ದ ಸ್ವರಗುಚ್ಛಗಳನ್ನು ಹುಡುಕಿ ತೆಗೆದು 2020ರ ‘ಪವರ್ ಅಪ್’ ಮುದ್ರಿಕೆಯನ್ನು ರೂಪಿಸಿದ. ಎಲ್ಲ ಹಾಡುಗಳಿಗೂ ಅಣ್ಣತಮ್ಮಂದಿರಿಬ್ಬರ ಹೆಸರೇ ಇದೆ. ಅಣ್ಣನ ಜಾಗದಲ್ಲಿ ಗಿಟಾರ್ ನುಡಿಸಿದವನು ಅವರ ಅಣ್ಣನ ಮಗ ಸ್ಟೀವಿ. ಹಾಡುಗಳು ಹಳೆಯ ಜಾಡಿನವೇ, ನಿಜ. ಆದರೆ ಅಲ್ಲಿ ನಡೆದದ್ದು ನಕಲಲ್ಲ. ನಿಂತುಹೋದ ಒಂದು ಸಂವಾದವನ್ನು ಒಬ್ಬನೇ ಮುಂದುವರಿಸುವ ಕಷ್ಟ. ನನ್ನ ಒರೆಗಲ್ಲು ಇಲ್ಲಿ ಸಣ್ಣದಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಹೊಸದರ ಅಗತ್ಯವೇನೆಂದು ಮೊದಲು ಕೇಳಿದೆ. ಕೇಳುಗನಿಗೆ ಅಗತ್ಯವಿಲ್ಲದೆ ಇರಬಹುದು, ಹಾಡುವವನಿಗೆ ಇದೆ. ಹಳೆಯ ಹಾಡು ಅವನು ಏನಾಗಿದ್ದನೆಂಬುದನ್ನು ಹೇಳುತ್ತದೆ. ಏನಾಗಿದ್ದಾನೆ ಎಂಬುದನ್ನು ಹೊಸ ಹಾಡೇ ಹೇಳಬೇಕು.

ಮುಂದಿನ ತಿಂಗಳು ಒಂದೂರಿನವರು ಮತ್ತೆ ಪಂಪನ ಉಪನ್ಯಾಸಕ್ಕೆ ಕರೆದಿದ್ದಾರೆ. ಹಳೆಯ ಟಿಪ್ಪಣಿಯ ಕಟ್ಟನ್ನು ಬೀರುವಿನಲ್ಲಿಯೇ ಬಿಟ್ಟು ‘ವಿಕ್ರಮಾರ್ಜುನ ವಿಜಯ’ವನ್ನು ಮೊದಲಿನಿಂದ ಓದುತ್ತಿದ್ದೇನೆ. ಮೂವತ್ತರ ಹರೆಯದಲ್ಲಿ ಕರ್ಣನ ಪರವಾಗಿ ಅಬ್ಬರದಿಂದ ವಾದಿಸುತ್ತಿದ್ದ ನನಗೆ ಈಗ ಶರಶಯ್ಯೆಯ ಭೀಷ್ಮನ ಬಳಿ ಹೆಚ್ಚು ಹೊತ್ತು ನಿಲ್ಲಬೇಕೆನಿಸುತ್ತಿದೆ. ಚಪ್ಪಾಳೆ ಕಡಿಮೆಯಾದೀತು, ಆಗಲಿ.