ಗೋಡೆಯ ಮೇಲಿನ ಗೆರೆ

ಆಟಗಾರರಿಗೆ ಪೆಟ್ಟಾದಾಗ ಮೈಯಷ್ಟೇ ಮನಸ್ಸೂ ನೋಯುತ್ತದೆ. ಮೊದಲು ‘ಏನೂ ಆಗಿಲ್ಲ’ ಎಂಬ ಹಟ, ಆಮೇಲೆ ಸಿಟ್ಟು, ಕೊನೆಗೆ ತಂಡ ತಮ್ಮನ್ನು ಮರೆತೀತೆಂಬ ಅಳುಕು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಕಬಡ್ಡಿ ಆಡಿ ಮಂಡಿ ಉಳುಕಿಸಿಕೊಂಡವರಿಗೂ, ದೇಶಕ್ಕಾಗಿ ಆಡುವವರಿಗೂ ಈ ಸಂಕಟ ಒಂದೇ.

ಹಾಸನ ಜಿಲ್ಲೆಯ ಜಾವಗಲ್ಲಿನ ಹೆಸರು ಹೊತ್ತ ವೇಗದ ಬೌಲರ್ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದಾಗಿ ತಿಂಗಳುಗಟ್ಟಲೆ ಆಟದಿಂದ ದೂರ ಉಳಿಯಬೇಕಾಯಿತು. ತೋಳನ್ನೇ ನಂಬಿದವರಿಗೆ ಅದು ಸಣ್ಣ ಹೊಡೆತವಲ್ಲ. ಆದರೆ 1999ರ ಫೆಬ್ರವರಿಯಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧದ ಒಂದೇ ಟೆಸ್ಟಿನಲ್ಲಿ ಅವರು 13 ವಿಕೆಟ್ ಕಿತ್ತರು.

ಭುಜದ ಚೇತರಿಕೆಯಲ್ಲಿ ಒಂದು ಸರಳ ವ್ಯಾಯಾಮವಿದೆ. ಗೋಡೆಗೆ ಬೆರಳಿಟ್ಟು, ಇರುವೆ ಹತ್ತಿದಂತೆ ಮೆಲ್ಲಗೆ ಮೇಲಕ್ಕೆ ಸರಿಸುವುದು. ಮುಟ್ಟಿದ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದರೆ, ನಾಳೆಯ ಗುರಿ ಅದಕ್ಕಿಂತ ಒಂದು ಬೆರಳು ಮೇಲೆ. ಇಂಥ ಪುಟ್ಟ ಗುರಿಗಳು ಮನಸ್ಸಿಗೂ ಊರುಗೋಲು. ಅಳುಕನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು, ಅಂಕಣದ ಅಂಚಿನಲ್ಲಿ ಕುಳಿತಾದರೂ ಗೆಳೆಯರ ಆಟ ನೋಡುವುದು ಒಂಟಿತನವನ್ನು ತಗ್ಗಿಸುತ್ತದೆ. ವೈದ್ಯರು ಒಪ್ಪುವ ಮೊದಲೇ ಮೈದಾನಕ್ಕಿಳಿಯುವ ಆತುರ ಹಳೆಯ ಗಾಯವನ್ನು ಮತ್ತೆ ಕೆದಕುತ್ತದೆ. ಕಾಯುವುದೂ ಅಭ್ಯಾಸದ ಒಂದು ಭಾಗ.